ಕೇಕಿನ ಮೇಲೆ ಮಿನುಗು ಕೂರಿಸಿದ ಬೇಸಿಗೆ

ಹೊನ್ನಾವರದ ನಮ್ಮ ಮನೆಯಲ್ಲಿ ಫ್ರಿಜ್ಜು ಇದ್ದದ್ದು ಅಡುಗೆಮನೆಯಲ್ಲಲ್ಲ, ದೇವರ ಕೋಣೆಯ ಬಾಗಿಲ ಪಕ್ಕದಲ್ಲಿ. ಅಪ್ಪ ಅದನ್ನು ತಂದ ದಿನ ಅಡುಗೆಮನೆಯಲ್ಲಿ ಜಾಗ ಸಾಲದೆ, ಸದ್ಯಕ್ಕೆ ಇಲ್ಲಿರಲಿ ಎಂದು ಇರಿಸಿದ್ದ. ಮರುದಿನ ಬೆಳಿಗ್ಗೆ ಅಜ್ಜಿ ಅದರೊಳಗೆ ಪೂಜೆಯ ಹೂವು, ನೈವೇದ್ಯದ ಹಾಲು, ತೇಯ್ದ ಗಂಧದ ಬಟ್ಟಲು ಇಟ್ಟಳು. ಅಲ್ಲಿಗೆ ಮುಗಿಯಿತು. ಫ್ರಿಜ್ಜು ದೇವರ ಕೋಣೆಗೆ ಸೇರಿಹೋಯಿತು. ಅನ್ನದ ಪಾತ್ರೆ ಅದರೊಳಗೆ ಹೋಗುವಂತಿಲ್ಲ, ಸಾರು ಹೋಗುವಂತಿಲ್ಲ, ಈರುಳ್ಳಿ ಹೆಚ್ಚಿದ ಕೈಯಲ್ಲಿ ಬಾಗಿಲು ಮುಟ್ಟುವಂತಿಲ್ಲ. ಬಿಸಿಲಲ್ಲಿ ಬಂದವರಿಗೆ ಅಮ್ಮ ಮಣ್ಣಿನ ಹೂಜಿಯಿಂದ ನೀರು ಬಗ್ಗಿಸಿ ಕೊಡುತ್ತಿದ್ದಳು. ಅವರು ಲೋಟ ಕೈಯಲ್ಲಿ ಹಿಡಿದು ಫ್ರಿಜ್ಜನ್ನೇ ನೋಡುತ್ತಿದ್ದರು. ಮನೆ ದೊಡ್ಡದೇನಲ್ಲ, ಹೆದ್ದಾರಿಯಿಂದ ಒಳಗೆ ತಿರುಗುವ ಓಣಿಯಲ್ಲಿ ಬಾಡಿಗೆಗೆ ಹಿಡಿದದ್ದು. ಅಪ್ಪ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ದೊಡ್ಡ ಲಾರಿ ಹೋದರೆ ಅವನ ಪುಸ್ತಕದ ಕಪಾಟಿನ ಗಾಜು ಗಿಲಗಿಲ ಅನ್ನುತ್ತಿತ್ತು. ಹಿಂದುಗಡೆ ಶೀಟು ಹೊದಿಸಿದ ಒಂದು ಚಿಕ್ಕ ಜಾಗ. ಅಲ್ಲಿ ಒರಳುಕಲ್ಲಿಗೂ ತೆಂಗಿನಕಾಯಿ ರಾಶಿಗೂ ನಡುವೆ ಹಳೆಯ ಮೇಜಿನ ಮೇಲೆ ನನ್ನ ಸೋದರತ್ತೆ ಸುಮತಿಯ ಓವನ್ನು ಇತ್ತು.

ಸುಮತ್ತೆ ಅಪ್ಪನ ತಂಗಿ. ಬಿ.ಎ. ಓದಿದ್ದಳು, ಮದುವೆಯಾಗಿರಲಿಲ್ಲ. ಬಂದ ಸಂಬಂಧಗಳು ಒಂದೊಂದು ಕಾರಣಕ್ಕೆ ತಪ್ಪಿಹೋಗಿ, ಆಮೇಲೆ ಬರುವುದೇ ನಿಂತಿತ್ತು. ಒಂದು ರಜೆಯಲ್ಲಿ ಹುಬ್ಬಳ್ಳಿಯ ನೆಂಟರ ಮನೆಗೆ ಹೋದವಳು ಕೇಕು ಮಾಡುವುದನ್ನು ಕಲಿತು, ಓವನ್ನು ಹೊತ್ತುಕೊಂಡೇ ಬಂದಳು. ಮೊಟ್ಟೆಯಿಲ್ಲದ ಕೇಕು. ಮೈದಾ, ಡಬ್ಬಿಯ ಗಟ್ಟಿ ಹಾಲು, ಮೊಸರು, ಸೋಡಾ. ಮೇಲೆ ಬೆಣ್ಣೆ ಮತ್ತು ಪುಡಿಸಕ್ಕರೆಯನ್ನು ತೋಳು ಸೋಲುವವರೆಗೆ ಕಡೆದು ಮಾಡಿದ ಬಟರ್‌ಕ್ರೀಮು. ಪೇಟೆಯಲ್ಲಿ ಹುಟ್ಟುಹಬ್ಬಕ್ಕೆ ಕೇಕು ಕತ್ತರಿಸುವ ರೂಢಿ ಆಗಷ್ಟೇ ಮನೆಮನೆಗೆ ಬರುತ್ತಿತ್ತು. ಅವಳಿಗೆ ಕೆಲಸ ಸಿಗತೊಡಗಿತು. ಆದರೆ ಪ್ರತಿ ಸಲ ಕೇಕು ಓವನ್ನಿನಿಂದ ಹೊರಬಂದಾಗ ಅಜ್ಜಿ ಹಿತ್ತಲ ಬಾಗಿಲಲ್ಲಿ ನಿಂತು ಸೆರಗಿನಿಂದ ಮೂಗು ಮುಚ್ಚಿಕೊಂಡು ಕೇಳುತ್ತಿದ್ದಳು.

"ಮೊಟ್ಟೆ ಹಾಕಿದ್ಯಾ ಇಲ್ಯಾ, ಖರೆ ಹೇಳು."

"ಇಲ್ಲೆ ಆಯಿ. ನಿನ್ನ ಎದುರಿಗೇ ಕಲಸಿದ್ದಲ್ದಾ?"

"ಮೊಟ್ಟೆ ಹಾಕ್ದೆ ಇದು ಹೀಂಗೆ ಉಬ್ಬುದು ಹೆಂಗೆ?"

ಸುಮತ್ತೆ ಸೋಡಾದ ಗುಣವನ್ನು ವಿವರಿಸುತ್ತಿದ್ದಳು. ಅಜ್ಜಿ ಕೇಳಿಸಿಕೊಳ್ಳದೆ ಕಾಲು ತೊಳೆದು ಒಳಗೆ ಹೋಗುತ್ತಿದ್ದಳು. ಅಜ್ಜಿ ಆ ಕೇಕು ತಿನ್ನಲಿಲ್ಲ ಎಂಬುದು ನನ್ನನ್ನು ಅಷ್ಟು ಕಾಡುವುದಿಲ್ಲ. ಅಪ್ಪನೂ ತಿನ್ನಲಿಲ್ಲ, ಕಾಡುವುದು ಅದು. ಮಕ್ಕಳಿಗೆ ಸೋಡಾ ಯಾಕೆ ಉಬ್ಬಿಸುತ್ತದೆ ಎಂದು ಬೋರ್ಡಿನ ಮೇಲೆ ಬರೆದು ತೋರಿಸುವ ಮನುಷ್ಯ, ತಂಗಿ ತಟ್ಟೆ ಹಿಡಿದು ಬಂದರೆ ಅಜ್ಜಿಯ ಕಡೆ ಒಮ್ಮೆ ನೋಡಿ, "ಈಗ ಹೊಟ್ಟೆ ತುಂಬಿದ್ದು" ಅನ್ನುತ್ತಿದ್ದ. ಯಾವಾಗ ನೋಡಿದರೂ ಅವನ ಹೊಟ್ಟೆ ತುಂಬಿರುತ್ತಿತ್ತು. ತಿನ್ನುತ್ತಿದ್ದವರು ನಾನು ಮತ್ತು ಅಮ್ಮ, ಹಿತ್ತಲಲ್ಲಿ ಕೂತು.

ನಾನು ಎಂಟನೇ ತರಗತಿ ಮುಗಿಸಿದ ಬೇಸಿಗೆಯಲ್ಲಿ ಭಟ್ಕಳದಿಂದ ಜುಬೇದಾ ಬಂದರು. ಸುಮತ್ತೆಯ ಜೊತೆ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಗಂಡ ದುಬೈಯಲ್ಲಿ ಕೆಲಸದಲ್ಲಿದ್ದರು. ಜುಬೇದಾ ಅವರ ತಂಗಿಗೆ ಮದುವೆ ಗೊತ್ತಾಗಿತ್ತು, ಮನೆಯಲ್ಲಿ ಹೆಂಗಸರೆಲ್ಲ ಸೇರುವ ದಿನಕ್ಕೆ ಒಂದು ಕೇಕು ಬೇಕಿತ್ತು. ಚೀಲದಿಂದ ಒಂದು ಪತ್ರಿಕೆಯ ಹಾಳೆ ತೆಗೆದರು. ಅದರಲ್ಲಿದ್ದ ಕೇಕು ಬಿಳಿಯದೇ, ಆದರೆ ಬರೀ ಬಿಳಿಯಲ್ಲ. ಸಮುದ್ರದಂಡೆಯಲ್ಲಿ ಸಿಗುವ ಚಿಪ್ಪಿಯ ಒಳಮೈಗೆ ಇರುತ್ತದಲ್ಲ, ಆ ಹೊಳಪು. ಆಮೇಲೆ ಹೆಬ್ಬೆರಳಿನಷ್ಟು ಚಿಕ್ಕ ಒಂದು ಬಾಟಲಿ ತೆಗೆದು ಮೇಜಿನ ಮೇಲೆ ಇಟ್ಟರು. ಒಳಗೆ ಬೆಳ್ಳಿಯ ಬಣ್ಣದ ನುಣ್ಣನೆಯ ಪುಡಿ.

"ತಿನ್ನುವಂಥಾದ್ದೇ ಇದು. ದುಬೈಯಿಂದ ಬಂದದ್ದು, ಅಲ್ಲಿ ಎಲ್ಲಾ ಕೇಕಿಗೂ ಹಾಕ್ತಾರಂತೆ. ಹೆಂಗೆ ಹಾಕುದು ಅಂತ ಮಾತ್ರ ನಂಗೆ ಕೇಳ್ಬೇಡ. ಬೇಕರಿಯಲ್ಲಿ ಹೇಳಿದ್ರೆ ಆತಿತ್ತು, ನಂಗೆ ನೀನೇ ಮಾಡ್ಬೇಕು."

ಸುಮತ್ತೆ ಬಾಟಲಿಯನ್ನು ಬೆಳಕಿಗೆ ಹಿಡಿದು ಅಲುಗಿಸಿದಳು. ಅವಳ ಮುಖದಲ್ಲಿ ಅಷ್ಟು ಆಸೆಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಆತು, ಮಾಡಿ ಕೊಡ್ತೆ ಎಂದುಬಿಟ್ಟಳು.

ಆಗ ಶುರುವಾಯಿತು ನೋಡಿ ನಮ್ಮ ಗೋಳು. ಇಷ್ಟು ಚಿಕ್ಕ ಬಾಟಲಿಯ ಪುಡಿ ಒಂದು ಮನೆಯನ್ನು ಹಾಗೆ ಸತಾಯಿಸಬಲ್ಲದು ಎಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ಮೊದಲು ಒಂದು ಸಣ್ಣ ಕೇಕು ಮಾಡಿ, ಬೆಣ್ಣೆ ಸವರಿ, ಪುಡಿಯನ್ನು ನೀರಿನಲ್ಲಿ ಕಲಸಿ ನನ್ನ ಡ್ರಾಯಿಂಗಿನ ಹೊಸ ಕುಂಚದಿಂದ ಬಳಿದೆವು. ಬೆಣ್ಣೆಯ ಮೇಲೆ ನೀರು ನಿಲ್ಲುತ್ತದೆಯೇ? ಹನಿಹನಿಯಾಗಿ ಉರುಳಿ ತಟ್ಟೆಗೆ ಇಳಿಯಿತು. ಇಳಿದ ದಾರಿಯಲ್ಲೆಲ್ಲ ಸಕ್ಕರೆ ಕರಗಿ ಕೊರಕಲು ಬಿತ್ತು. ಎರಡನೆಯ ಸಲ ಪುಡಿಯನ್ನು ಬೆಣ್ಣೆಯೊಳಗೇ ಹಾಕಿ ಕಡೆದೆವು. ಬೆಳ್ಳಿ ಎಲ್ಲಿಗೆ ಹೋಯಿತೋ, ಒಲೆಯ ಬೂದಿ ಕಲಸಿದ ಹಾಗೆ ಕಾಣುವ ಬೆಣ್ಣೆ ಉಳಿಯಿತು. ಒಣಪುಡಿಯನ್ನೇ ಕುಂಚದಲ್ಲಿ ಹಚ್ಚಲು ಹೋದರೆ, ಏಪ್ರಿಲ್ ತಿಂಗಳ ಸೆಕೆಗೆ ಮೆತ್ತಗಾದ ಬೆಣ್ಣೆಯಲ್ಲಿ ಕುಂಚದ ಕೂದಲು ಹೂತು, ಪುಡಿ ಒಂದೇ ಕಡೆ ಮುದ್ದೆಯಾಗಿ, ಸುಣ್ಣ ಹೊಡೆಯುವವನು ಅರ್ಧಕ್ಕೆ ಬಿಟ್ಟುಹೋದ ಗೋಡೆಯಂತಾಯಿತು. ಸುಮತ್ತೆ ಕುಂಚವನ್ನು ಎಸೆದಳು. ನಾನು ಹೋಗಿ ತೆಂಗಿನಕಾಯಿ ರಾಶಿಯ ಹಿಂದಿನಿಂದ ಹುಡುಕಿ ತಂದೆ. ಅವಳು ಮತ್ತೆ ಎಸೆದಳು.

"ಬೆಣ್ಣೆ ಗಟ್ಟಿ ಆಗಕು. ಗಟ್ಟಿಯಾಗಿ ಒಣಗಿದ್ರೆ ಮಾತ್ರ ಪುಡಿ ಮೇಲೆ ನಿಲ್ತು. ಅದಕ್ಕೆ ಫ್ರಿಜ್ಜು ಬೇಕು," ಎಂದಳು.

ಫ್ರಿಜ್ಜು ಹತ್ತು ಹೆಜ್ಜೆ ಆಚೆಗೇ ಇತ್ತು. ಸುಮತ್ತೆ ಅಜ್ಜಿಯ ಹತ್ತಿರ ಹೋಗಿ, ಒಂದೇ ಒಂದು ಮಧ್ಯಾಹ್ನ, ಕೆಳಗಿನ ಹಂತದಲ್ಲಿ, ಡಬ್ಬಿಯೊಳಗೆ ಮುಚ್ಚಿ ಇಡುತ್ತೇನೆ ಎಂದು ಕೇಳಿದಳು. ಹೂಬತ್ತಿ ಹೊಸೆಯುತ್ತಿದ್ದ ಅಜ್ಜಿ ತಲೆಯನ್ನೂ ಎತ್ತಲಿಲ್ಲ.

"ದೇವರ ಹಾಲಿನ ಜೊತಿಗೆ ಅದ್ರ ಇಡದಾ? ನಾ ಸತ್ತ ಮೇಲೆ ಇಟ್ಗ."

ನನಗೆ ಅಳು ಬಂತು. ಸುಮತ್ತೆಗೆ ಬರಲಿಲ್ಲ. ಅವಳು ಹೊರಗೆ ಹೋಗಿ ಓವನ್ನಿನ ತಟ್ಟೆಯನ್ನು ಬೂದಿ ಹಾಕಿ ತಿಕ್ಕಿದಳು, ಆಗಲೇ ತಿಕ್ಕಿಟ್ಟ ತಟ್ಟೆಯನ್ನು.

ಇಷ್ಟೆಲ್ಲ ಆಗುವಾಗ ಅಪ್ಪ ಭೂತಗನ್ನಡಿ ಹಿಡಿದು ಬಾಟಲಿಯ ಚೀಟಿಯನ್ನು ಓದುತ್ತಿದ್ದ. ಇರುವೆ ಸಾಲಿನಂಥ ಇಂಗ್ಲಿಷು. ಅದರಲ್ಲಿ, ಪುಡಿಯನ್ನು ಬಣ್ಣವಿಲ್ಲದ ಮದ್ಯದಲ್ಲಿ ಕಲಸಿ ಬಳಿಯಿರಿ ಎಂದು ಬರೆದಿತ್ತು. ಅಪ್ಪನಿಗೆ ಕೂಡಲೇ ಉತ್ಸಾಹ ಬಂತು. ನೀರು ಸಕ್ಕರೆಯನ್ನು ಕರಗಿಸುತ್ತದೆ, ಮದ್ಯ ಅಷ್ಟು ಕರಗಿಸುವುದಿಲ್ಲ, ಬೇಗ ಆವಿಯಾಗುತ್ತದೆ ಎಂದು ನಮಗೆ ಪಾಠ ಮಾಡಿದ. ಮರುದಿನ ಶಾಲೆಯ ಚೀಲದಲ್ಲಿ ಪೇಪರು ಸುತ್ತಿದ ಪುಟ್ಟ ಶೀಶೆಯೊಂದನ್ನು ತಂದ. ಯಾರ ಕೈಲಿ ತರಿಸಿದನೋ ಹೇಳಲಿಲ್ಲ. ಅಜ್ಜಿಯ ಕಣ್ಣು ತಪ್ಪಿಸಿ ಹಿತ್ತಲಿಗೆ ಬಂದು, ಗಿಂಡಿಯ ಮರೆಯಲ್ಲಿ ಇಟ್ಟ. ಕೇಕು ತಿನ್ನಲು ಹೆದರುವ ಮನುಷ್ಯ ಮದ್ಯ ತರಲು ಹೆದರಲಿಲ್ಲ. ಆ ವಿಚಿತ್ರ ನನಗೆ ಆಗ ಹೊಳೆದಿರಲಿಲ್ಲ.

ಸುಮತ್ತೆ ನಾಲ್ಕು ಹನಿ ಹಾಕಿ ಪುಡಿ ಕಲಸಿ, ಉಳಿದ ಕೇಕಿನ ತುಂಡಿನ ಮೇಲೆ ಬಳಿದಳು. ನಾವು ನೋಡುತ್ತ ಇದ್ದಂತೆಯೇ ಅದು ಒಣಗಿತು. ಒಣಗಿ ಹೊಳೆಯಿತು. ಪತ್ರಿಕೆಯ ಚಿತ್ರದ್ದೇ ಹೊಳಪು, ಅದಕ್ಕಿಂತ ಹೆಚ್ಚೇ ಇರಬಹುದು. ಶೀಟಿನ ತೂತಿನಿಂದ ಬಿದ್ದ ಬಿಸಿಲು ಅದರ ಮೇಲೆ ಆಡಿತು. ನಾನು ಚಪ್ಪಾಳೆ ತಟ್ಟಿದೆ. ಸುಮತ್ತೆ ಆ ತುಂಡನ್ನು ಅತ್ತ ಇತ್ತ ತಿರುಗಿಸಿ ಬಹಳ ಹೊತ್ತು ನೋಡಿದಳು. ಆಮೇಲೆ ಶೀಶೆಯ ಮುಚ್ಚಳ ಬಿಗಿದು ಅಪ್ಪನ ಕೈಗೆ ಕೊಟ್ಟಳು.

"ಬ್ಯಾಡ ಅಣ್ಣಾ. ಜುಬೇದಾನ ಮನೇಲಿ ಇದ್ನ ಮುಟ್ತ್ವಿಲ್ಲೆ."

"ಅದು ಹಾರಿ ಹೋಗ್ತು ಮಾರಾಯ್ತಿ. ಒಂದು ಹನಿಯೂ ಉಳೀತಿಲ್ಲೆ. ಯಾರಿಗೆ ಗೊತ್ತಾಗ್ತು?"

"ನಂಗೆ ಗೊತ್ತಾಗ್ತು. ಫೋನು ಮಾಡಿ ಕೇಳ್ಲಾ? ಜುಬೇದಾ ಬ್ಯಾಡ ಹೇಳ್ತು."

"ಹಂಗಾರೆ ಕೇಳದೇ ಬ್ಯಾಡ."

"ಅಣ್ಣಾ, ಮೊಟ್ಟೆ ಹಾಕ್ತಿಲ್ಲೆ ಹೇಳಿ ದಿನಾ ಈ ಮನೇಲಿ ಹೇಳ್ತೆ. ಯಾರಾದ್ರೂ ನಂಬಿದ್ರಾ? ಒಬ್ಬರು ನಂಬಿದ್ದು ಅಂದ್ರೆ ಜುಬೇದಾ. ಅಲ್ಲೂ ಸುಳ್ಳು ಮಾಡ್ಲಾ?"

ಅಪ್ಪ ಶೀಶೆಯನ್ನು ಚೀಲಕ್ಕೆ ಹಾಕಿಕೊಂಡ. ನನಗೆ ಮಾತ್ರ ಸುಮತ್ತೆಯ ಮೇಲೆ ಕೆಂಡದಂಥ ಸಿಟ್ಟು. ಕಣ್ಣೆದುರಿಗೆ ಸಿಕ್ಕಿದ ಹೊಳಪನ್ನು ಬೇಕೆಂದೇ ಕೈಬಿಟ್ಟಳಲ್ಲ! ಆ ತುಂಡನ್ನು ಅವಳು ಹಿತ್ತಲ ಗುಂಡಿಗೆ ಹಾಕಿದಾಗ ನಾನು ಅವಳ ಜೊತೆ ಮಾತು ಬಿಟ್ಟೆ. ಅವಳು ಅದನ್ನು ಗಮನಿಸಲೂ ಇಲ್ಲ. ಪುಡಿಯ ಬಾಟಲಿಯನ್ನು ಎದುರಿಗಿಟ್ಟುಕೊಂಡು ಕೂತಿದ್ದಳು.

ಕೇಕು ಒಯ್ಯುವ ದಿನ ಬಂತು. ಬೆಳಿಗ್ಗೆಯೇ ಸುಮತ್ತೆ ಎರಡಂತಸ್ತಿನ ಕೇಕಿಗೆ ಬೆಣ್ಣೆ ಸವರಿ ನುಣುಪು ಮಾಡಿ ಮುಗಿಸಿದ್ದಳು. ಸೂರ್ಯ ಏರಿದಂತೆ ಬೆಣ್ಣೆಯ ಅಂಚು ಮೆಲ್ಲನೆ ಜಾರತೊಡಗಿತು. ಸುಮತ್ತೆ ಒದ್ದೆ ಬಟ್ಟೆ ಸುತ್ತಿದಳು, ಸುತ್ತ ನೀರಿನ ಪಾತ್ರೆ ಇಟ್ಟಳು, ಬೀಸಣಿಗೆಯಿಂದ ಬೀಸಿದಳು. ಏನೂ ಪ್ರಯೋಜನವಾಗಲಿಲ್ಲ. ಆಗ ಅಮ್ಮ ಅಡುಗೆಮನೆಯಿಂದ ಬಂದಳು. ನನ್ನ ಅಮ್ಮ ಆ ಮನೆಯಲ್ಲಿ ದೊಡ್ಡ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದವಳಲ್ಲ. ಆವತ್ತೂ ಅವಳು ದನಿ ಏರಿಸಲಿಲ್ಲ. ನೇರ ಫ್ರಿಜ್ಜಿನ ಹತ್ತಿರ ಹೋಗಿ, ಬಾಗಿಲು ತೆರೆದು, ಹೂವು, ಹಾಲು, ಗಂಧದ ಬಟ್ಟಲು ಒಂದೊಂದಾಗಿ ತೆಗೆದು, ತಣ್ಣೀರು ತುಂಬಿದ ಹಿತ್ತಾಳೆಯ ಪರಾತದಲ್ಲಿ ಇಟ್ಟು, ಪರಾತವನ್ನು ದೇವರ ಎದುರಿಗೆ ಒಯ್ದಿಟ್ಟಳು. ನಡುವಿನ ಹಂತಗಳ ಜಾಲರಿ ಎಳೆದು ತೆಗೆದಳು. ಆಮೇಲೆ ಹಿತ್ತಲಿಗೆ ಬಂದು ಕೇಕಿನ ಹಲಗೆಯ ಒಂದು ತುದಿ ಹಿಡಿದು, "ಆ ಬದಿ ಹಿಡಿ ಸುಮತಿ" ಎಂದಳು.

ಅಜ್ಜಿ ಸ್ನಾನ ಮುಗಿಸಿ ಬಂದವಳು ಫ್ರಿಜ್ಜಿನೊಳಗೆ ಕೇಕು ಕಂಡಳು. ಆ ಕೂಗು ಓಣಿಯ ಆಚೆಗೂ ಕೇಳಿರಬೇಕು. ಅಮ್ಮನನ್ನು, ಅಮ್ಮನ ತವರನ್ನು, ಸುಮತ್ತೆಯ ಹಣೆಬರಹವನ್ನು ಎಲ್ಲ ಸೇರಿಸಿ ಬೈದಳು. ಅಪ್ಪ ಜಗಲಿಯಲ್ಲಿ ಪೇಪರು ಓದುತ್ತ ಕೂತಿದ್ದ. ಒಂದೇ ಪುಟವನ್ನು ಓದುತ್ತಿದ್ದ. ಅಜ್ಜಿ ಇನ್ನು ಈ ಮನೆಯಲ್ಲಿ ಊಟ ಮಾಡುವುದಿಲ್ಲ ಎಂದು ಚಾಪೆ ಹಾಸಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅಷ್ಟು ಸಾಲದೆಂಬಂತೆ ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಚಾಪೆಯ ಮೇಲಿಂದ ಅಜ್ಜಿ, "ಹೋತು! ದೇವರಿದ್ದ" ಎಂದಳು. ಸುಮತ್ತೆ ಫ್ರಿಜ್ಜಿನ ಬಾಗಿಲಿಗೆ ಬೆನ್ನು ಕೊಟ್ಟು, ಯಾರೂ ತೆರೆಯದ ಹಾಗೆ ನೆಲದ ಮೇಲೆ ಕೂತಳು. ಕರೆಂಟು ಬರುವವರೆಗೆ ಏಳಲಿಲ್ಲ. ಅವಳು ಹಲ್ಲು ಕಚ್ಚಿ ಕೂತಿದ್ದನ್ನು ನೋಡಿ ನನ್ನ ಮುನಿಸು ತಾನೇ ಬಿಟ್ಟುಹೋಯಿತು. ನಾನೂ ಹೋಗಿ ಪಕ್ಕದಲ್ಲಿ ಕೂತೆ.

ಬೆಣ್ಣೆ ಗಟ್ಟಿಯಾಗಿತ್ತು. ಬೆರಳು ತಾಗಿಸಿದರೆ ಅಂಟುತ್ತಿರಲಿಲ್ಲ. ಕೇಕನ್ನು ಕೋಣೆಗೆ ಒಯ್ದು ಕಿಟಕಿ ಬಾಗಿಲು ಮುಚ್ಚಿದೆವು, ಗಾಳಿಗೆ ಪುಡಿ ಹಾರಬಾರದೆಂದು ಫ್ಯಾನು ನಿಲ್ಲಿಸಿದೆವು. ಆ ಸೆಕೆಯನ್ನು ಹೇಗೆ ಹೇಳಲಿ! ಸುಮತ್ತೆ ಒಣ ಕುಂಚಕ್ಕೆ ಚಿಟಿಕೆ ಪುಡಿ ತಾಗಿಸಿ, ಹೆಚ್ಚಾದದ್ದನ್ನು ಕಾಗದದ ಮೇಲೆ ತಟ್ಟಿ ಉದುರಿಸಿ, ಕುಂಚವನ್ನು ಕೇಕಿಗೆ ತಾಗಿಸದೆ ಹತ್ತಿರ ಹಿಡಿಯುತ್ತಿದ್ದಳು. ನಾನು ಕಾಗದದ ಕೊಳವೆಯಿಂದ ಮೆಲ್ಲನೆ ಊದಬೇಕು. ಜೋರಾದರೆ ಪುಡಿ ಎಲ್ಲ ಗೋಡೆಗೆ, ನಿಧಾನವಾದರೆ ಕುಂಚದಲ್ಲೇ. ನನಗೆ ಉಸಿರು ಹಿಡಿತಕ್ಕೆ ಸಿಗಲು ಬಹಳ ಹೊತ್ತು ಬೇಕಾಯಿತು. "ಮೆಲ್ಲಗೆ ಕೂಸೇ, ಮೆಲ್ಲಗೆ. ಇಲ್ಲೆಂತಕ್ಕೆ ಬಿಟ್ಟೆ? ಮತ್ತೊಂದ್ಸಲ" ಎಂದು ಅವಳು, "ನಿನ್ನ ಕೈಯೇ ಅಲ್ಲಾಡ್ತು" ಎಂದು ನಾನು, ಇಬ್ಬರೂ ಜಗಳಾಡುತ್ತಲೇ ಒಂದು ಸುತ್ತು ಮುಗಿಸಿದೆವು. ಅವಳ ಹಣೆಯಿಂದ ಬೆವರ ಹನಿಯೊಂದು ಮೇಲಿನ ಅಂಚಿಗೆ ಬಿದ್ದು ಕಲೆಯಾಯಿತು. ಅದರ ಮೇಲೆ ಬೆಣ್ಣೆಯ ಹೂವೊಂದನ್ನು ಕೂರಿಸಿ ಮುಚ್ಚಿದಳು. ಕೊನೆಗೆ ಬಾಗಿಲು ತೆರೆದಾಗ, ನೆಟ್ಟಗೆ ನೋಡಿದರೆ ಕೇಕು ಬರೀ ಬಿಳಿ. ತಲೆ ವಾಲಿಸಿ ನೋಡಿದರೆ ಮಾತ್ರ ಮಿನುಗು. ಮದ್ಯದಲ್ಲಿ ಬಳಿದ ತುಂಡಿನ ಹತ್ತಿರಕ್ಕೂ ಬರುವಂತಿರಲಿಲ್ಲ. ನಮ್ಮ ಮುಖ, ಕೂದಲು, ತೋಳು ಮಾತ್ರ ಝಗಝಗ ಹೊಳೆಯುತ್ತಿದ್ದವು. ಸುಮತ್ತೆ ಕನ್ನಡಿ ನೋಡಿಕೊಂಡು ಒಂದು ಬೈಗುಳ ಆಡಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ.

ಐಸ್‌ಕ್ರೀಮ್ ಅಂಗಡಿಯಿಂದ ಬೇಡಿ ತಂದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ, ಬದಿಗೆ ಐಸು ತುಂಬಿದ ಪ್ಲಾಸ್ಟಿಕ್ ಚೀಲಗಳನ್ನಿಟ್ಟು, ಕೇಕನ್ನು ಟೆಂಪೋದ ಮುಂದಿನ ಸೀಟಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಭಟ್ಕಳಕ್ಕೆ ಹೊರಟೆವು. ಮಂಕಿ ದಾಟುವವರೆಗೆ ಉಸಿರು ಬಿಗಿ ಹಿಡಿದಿದ್ದೆವು. ಮುರ್ಡೇಶ್ವರದ ತಿರುವಿನಲ್ಲಿ ಜನ ಹತ್ತುವಾಗ ಯಾರದೋ ಬುಟ್ಟಿ ಪೆಟ್ಟಿಗೆಗೆ ತಾಗಿ ಸುಮತ್ತೆ ಅವರ ಜೊತೆ ಜಗಳವಾಡಿದಳು. ಅಂತೂ ಜುಬೇದಾ ಅವರ ಮನೆಯ ತಂಪಾದ ಒಳಕೋಣೆಗೆ ತಲುಪಿ, ಪೆಟ್ಟಿಗೆಯ ಮುಚ್ಚಳ ತೆಗೆದಾಗ ಕೇಕು ಹಾಳಾಗಿರಲಿಲ್ಲ. ನಾವು ನಿಟ್ಟುಸಿರು ಬಿಟ್ಟೆವು. ಬಿಡುತ್ತಿದ್ದ ಹಾಗೆಯೇ, ನಮ್ಮ ಕಣ್ಣೆದುರಿಗೆ, ತಣ್ಣನೆಯ ಬೆಣ್ಣೆಯ ಮೇಲೆ ಹೊರಗಿನ ಗಾಳಿಯ ತೇವ ಕೂತು, ಸಾಸಿವೆಯಷ್ಟು ಸಣ್ಣ ನೀರ ಹನಿಗಳು ಮೂಡತೊಡಗಿದವು. ಮಿನುಗು ಅಲ್ಲಲ್ಲಿ ಸರಿದು ಚುಕ್ಕೆಚುಕ್ಕೆಯಾಯಿತು. ಒರೆಸುವಂತಿಲ್ಲ, ಮುಟ್ಟುವಂತಿಲ್ಲ. ಸುಮತ್ತೆ ಗೋಡೆಗೆ ಒರಗಿ ನಿಂತುಬಿಟ್ಟಳು.

"ಎಂತ ಸುಮತಿ, ನಿನ್ನ ಕೇಕು ಬೆವರ್ತದಲ್ಲೇ!" ಎಂದು ಜುಬೇದಾ ನಕ್ಕರು.

ನಗುವ ಮಾತಾಗಿರಲಿಲ್ಲ ನಮಗೆ. ಫ್ಯಾನಿನ ಕೆಳಗೆ ಹನಿಗಳು ಆರಿದ ಮೇಲೆ ಕೇಕು ಒಂದು ಕಡೆ ಹೊಳೆಯುತ್ತಿತ್ತು, ಒಂದು ಕಡೆ ಮಂಕಾಗಿತ್ತು. ಕೋಣೆಯಲ್ಲಿ ತುಂಬಿದ ಹೆಂಗಸರು ತಲೆ ವಾಲಿಸಿ ನೋಡಿದರು. ಚೆನ್ನಾಗಿದೆ ಅಂದರು. ಆ ಪತ್ರಿಕೆಯ ಹಾಳೆಯನ್ನು ಯಾರೂ ತೆಗೆಯಲಿಲ್ಲ, ಪುಣ್ಯಕ್ಕೆ. ಮದುವಣಗಿತ್ತಿ ಕೇಕು ಕತ್ತರಿಸಿದಳು. ಜುಬೇದಾ ಮೊದಲ ತುಂಡಿನಿಂದ ಸ್ವಲ್ಪ ಮುರಿದು ಬಾಯಿಯ ಹತ್ತಿರ ಒಯ್ಯುವಾಗ ಸುಮತ್ತೆ ಅಭ್ಯಾಸಬಲದಿಂದ ಶುರುಮಾಡಿದಳು.

"ಇದರಲ್ಲಿ ಮೊಟ್ಟೆ ಇಲ್ಲೆ ಜುಬೇದಾ. ಪುಡಿ ಮದ್ಯದಲ್ಲಿ ಕಲಸಕು ಹೇಳಿ ಬರದಿತ್ತು, ನಾ ಕಲಸಿದ್ನಿಲ್ಲೆ. ಬರೀ ಒಣಪುಡಿ. ಅದಕ್ಕೇ ಇಷ್ಟೇ ಹೊಳಪು ಬಂದದ್ದು. ನೀ ಬೇಕಾರೆ—"

"ನೀ ಮಾಡಿದ್ದಲ್ವಾ? ಮತ್ತೆ ಎಂತ ಕೇಳುದು ಅದ್ರಲ್ಲಿ?" ಎಂದು ಜುಬೇದಾ ತುಂಡನ್ನು ಬಾಯಿಗೆ ಹಾಕಿಕೊಂಡು, ಇನ್ನೊಬ್ಬರನ್ನು ಕರೆಯಲು ಆಚೆ ತಿರುಗಿದರು.

ಸುಮತ್ತೆ ಹಿತ್ತಲಿಗೆ ಮುಖ ತೊಳೆಯಲು ಹೋಗಿ ಬಹಳ ಹೊತ್ತು ಬರಲಿಲ್ಲ. ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ, ಜಗಲಿಯಲ್ಲಿದ್ದ ಅಪ್ಪನಿಗೆ ಹೇಳಿದಳು.

"ಅಣ್ಣಾ, ನಂಗೆ ಪೇಟೇಲಿ ಒಂದು ರೂಮು ಬೇಕು."

ಆಮೇಲಿನ ವಾರಗಳ ಜಗಳವನ್ನು ಬರೆದರೆ ಮುಗಿಯುವುದಿಲ್ಲ. ಒಬ್ಬಳೇ ಹೆಂಗಸು ರೂಮು ಮಾಡಿದರೆ ಜನ ಏನಂತಾರೆ, ಮನೆಯಲ್ಲಿ ಏನು ಕಡಿಮೆಯಾಗಿತ್ತು, ಎಲ್ಲ ಆಯಿತು. ಅಜ್ಜಿ ಊಟ ಬಿಟ್ಟಳು, ಮಾಡಿದಳು, ಮತ್ತೆ ಬಿಟ್ಟಳು. ಅಪ್ಪ ನಡುವೆ ನಿಂತು ಇಬ್ಬರಿಗೂ ಹೂಂ ಅಂದ. ಕೊನೆಗೆ ಬಸ್‌ಸ್ಟ್ಯಾಂಡಿನ ಹಿಂದೆ, ಟೈಲರ್ ಅಂಗಡಿಯ ಮಹಡಿಯ ಮೇಲೆ ಒಂದು ಕೋಣೆ ಸಿಕ್ಕಿತು. ಓವನ್ನನ್ನು ರಿಕ್ಷಾದಲ್ಲಿ ಒಯ್ದದ್ದು ನಾನು ಮತ್ತು ಅಮ್ಮ. ಹಳೆಯ ಫ್ರಿಜ್ಜೊಂದನ್ನು ಜುಬೇದಾ ಭಟ್ಕಳದಿಂದ ಕಳಿಸಿಕೊಟ್ಟರು. ಅಲ್ಲಿ ಹೋದ ಮೇಲೆ ಸುಮತ್ತೆ ಸುಖವಾಗಿದ್ದಳು ಎಂದು ಬರೆಯಲು ನನಗೂ ಆಸೆ. ಆದರೆ ಅಲ್ಲಿಯೂ ಸೆಕೆ ಇತ್ತು, ಕರೆಂಟು ಹೋಗುತ್ತಿತ್ತು, ಮಿನುಗು ಹೇಳಿದ ಮಾತು ಕೇಳುತ್ತಿರಲಿಲ್ಲ. ಅವಳು ಕುಂಚ ಎಸೆಯುವುದನ್ನು ಬಿಡಲಿಲ್ಲ. ನಾನು ಶಾಲೆ ಬಿಟ್ಟ ಮೇಲೆ ಅಲ್ಲಿಗೇ ಹೋಗಿ ಕೊಳವೆ ಊದುತ್ತಿದ್ದೆ. ಯಾವುದೇ ಕೆಲಸದಲ್ಲಿ ಸುಲಭದ ದಾರಿ ಎದುರಿಗೆ ಬಂದರೆ ನಾನು ಇಂದಿಗೂ ಒಮ್ಮೆ ಅನುಮಾನದಿಂದ ನಿಲ್ಲುತ್ತೇನೆ, ಸಿಡಿಮಿಡಿಗೊಳ್ಳುತ್ತೇನೆ, ಕಷ್ಟದ್ದನ್ನೇ ಹಿಡಿದು ಮತ್ತೂ ಸಿಡಿಮಿಡಿಗೊಳ್ಳುತ್ತೇನೆ. ಅವಳಿಂದ ನನಗೆ ಬಂದದ್ದು ಇದು. ಒಳ್ಳೆಯದೋ ಕೆಟ್ಟದ್ದೋ, ಆಗಿನ ಅವಳ ವಯಸ್ಸನ್ನು ದಾಟಿದ ಮೇಲೂ ನನಗೆ ತೀರ್ಮಾನವಾಗಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಸಂಜೆ, ಅಪ್ಪ ಮೊದಲ ಸಲ ಆ ಮೆಟ್ಟಿಲು ಹತ್ತಿ ಬಂದ. ಶಾಲೆಯಿಂದ ನೇರ ಬಂದಿದ್ದ. ಕೋಣೆಯನ್ನು ಸುತ್ತ ನೋಡಿ, ಗೋಡೆಯ ಬದಿಯ ಬೆಂಚಿನ ಮೇಲೆ ಕೂತು, ಸ್ವಲ್ಪ ಹೊತ್ತು ಛತ್ರಿಯ ಹಿಡಿಯನ್ನೇ ತಿರುಗಿಸಿದ.

"ತಿಂಬಲೆ ಎಂತಾರೂ ಇದ್ದಾ?"

ಸುಮತ್ತೆ ಅವನನ್ನು ಒಮ್ಮೆ ನೋಡಿ, ಹೊಸ ಕೇಕಿನಿಂದಲೇ ಒಂದು ತುಂಡು ಕತ್ತರಿಸಿ ತಟ್ಟೆಯಲ್ಲಿ ಕೊಟ್ಟಳು. ಅಪ್ಪ ತಲೆ ತಗ್ಗಿಸಿಕೊಂಡು ಕೊನೆಯ ಚೂರಿನವರೆಗೆ ತಿಂದ. ಅವನ ಮೀಸೆಗೆ ಮಿನುಗು ಅಂಟಿತ್ತು. "ಚೊಲೋ ಇದ್ದು," ಎಂದ.

ಸುಮತ್ತೆ ತಟ್ಟೆ ತೆಗೆದುಕೊಳ್ಳಲು ಕೈ ಚಾಚಿದಳು.

"ನೀ ಇದ್ನ ಆ ಮನೇಲೇ ತಿಂದಿದ್ರೆ ನಾ ಇಲ್ಲಿಗೆ ಬತ್ತಿದ್ನಿಲ್ಲೆ, ಅಣ್ಣಾ."